ಎಣಿಸದ ಮರಿ

ಕಂತು ಒಂಬತ್ತು

ಟಿವಿಯಲ್ಲಿ ಕುರಿ ಈದಿತು. ಚುಕ್ಕೆಯಷ್ಟು ದೊಡ್ಡ ಬಿಳಿ ಮರಿ ತಾಯಿಯ ಹಿಂದೆ ಓಡಿತು. ಪರದೆಯ ಮೂಲೆಯಲ್ಲಿದ್ದ ಅಂಕಿ ಇಪ್ಪತ್ತರಿಂದ ಇಪ್ಪತ್ತೊಂದಕ್ಕೆ ಏರಿತು.

“ಈಗ ಇದನ್ನ ನೋಡ್ರಿ ಅತ್ತಿ,” ಎಂದು ಮಲ್ಲಿಕಾ ತನ್ನ ಫೋನನ್ನು ಟಿವಿಯ ಪಕ್ಕಕ್ಕೆ ಹಿಡಿದಳು.

ಅದೇ ಆಟ, ಅದೇ ಹಿಂಡು, ಅದೇ ಹೊಳೆದಂಡೆ. ಫೋನಿನಲ್ಲೂ ಕುರಿ ಈದಿತು, ಮರಿ ಓಡಿತು. ಅಂಕಿ ಮಾತ್ರ ಇಪ್ಪತ್ತರಲ್ಲೇ ನಿಂತಿತ್ತು.

“ಇನ್ನೊಮ್ಮಿ ತೋರ್ಸು,” ಎಂದೆ.

ಮೂರು ಸಲ ತೋರಿಸಿದಳು. ಮೂರು ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಮರಿ ತಾಯಿಯನ್ನು ಬಿಟ್ಟು ನಿಂತು ಒಂದು ಹುಲ್ಲಿನೆಸಳು ಕಡಿಯಿತು. ಆಗ ಅಂಕಿ ಇಪ್ಪತ್ತೊಂದಾಯಿತು.

ನಾನು ಹುಲಗೆಮ್ಮ. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಚಪ್ಪಲಿ ಸವೆಸಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಈಗ ರಾಯಚೂರಿನಲ್ಲಿ ಮದುವೆ ಗಂಡುಗಳ ಪೂರ್ವಾಪರ ವಿಚಾರಿಸಿಕೊಡುತ್ತೇನೆ. ಗಂಡು ಕುಡಿಯುತ್ತಾನೋ ಇಲ್ಲವೋ ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ಪಾನ್ ಅಂಗಡಿಯವನ ಪರಿಚಯವಿದ್ದರೆ ಸಾಕು. ಈ ಪ್ರಕರಣದಲ್ಲಿ ಮಾತ್ರ ತಮ್ಮನ ಮಗಳ ಮುಂದೆ ಒಂದನೇ ಇಯತ್ತೆಯ ಕೂಸಿನ ಹಾಗೆ ಕೈಕಟ್ಟಿ ಕೂತಿದ್ದೆ. ಮಲ್ಲಿಕಾ ಯರಗೇರಾದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ.

ನನ್ನ ಇನ್ನೊಂದು ಬದಿಗೆ ಸವಿತಾ ಇದ್ದಳು. ದೇವದುರ್ಗದ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುವವಳು. ಏಳು ವರ್ಷದ ಹಿಂದೆ ಅವಳ ಗಂಡ ದುರುಗೇಶ ಕೃಷ್ಣೆಯಲ್ಲಿ ಮುಳುಗಿ ಸತ್ತನೆಂದು ಪಂಚನಾಮೆ ಬರೆದವಳು ನಾನೇ. ಹೋದ ತಿಂಗಳು ಬಸ್ಸಿನಲ್ಲಿ ಯಾರದೋ ಫೋನಿನಿಂದ ಗಂಡ ಬರೆದ ಆಟದ ರಾಗ ಕೇಳಿಸಿ, ಅವಳು ಇಳಿದವಳೇ ನನ್ನ ಬಾಗಿಲಿಗೆ ಬಂದಿದ್ದಳು.

ಆಟದ ಹೆಸರು ‘ದೊಡ್ಡಿ’. ಹಿಂಡನ್ನು ಹೊಳೆ ದಾಟಿಸಿ, ತೋಳದ ಬಾಯಿಂದ ತಪ್ಪಿಸಿ ದೊಡ್ಡಿಗೆ ಸೇರಿಸಬೇಕು. ಇಪ್ಪತ್ತೈದು ವರ್ಷದ ಹಿಂದೆ ದುರುಗೇಶ ಮತ್ತು ಅವನ ಗೆಳೆಯ ಮುಕರ್ರಂ ರಾಯಚೂರಿನ ತೀನ್ ಕಂದೀಲ್ ಹತ್ತಿರ ಟಿವಿ ಗೇಮ್ ಅಂಗಡಿ ಇಟ್ಟಿದ್ದರು. ಅಲ್ಲಿ ಕೂತು ದುರುಗೇಶ ಬರೆದ ಆಟ ಇದು. ಕ್ಯಾಸೆಟ್ ಮಾಡಿ ಮಾರಿದರು. ಒಂದು ಕಾಲಕ್ಕೆ ರಾಯಚೂರಿನ ಅರ್ಧ ಹುಡುಗರು ಇದನ್ನಾಡಿ ಪರೀಕ್ಷೆಯಲ್ಲಿ ಫೇಲಾಗಿದ್ದಾರೆ.

ಈಗ ಅದು ಫೋನಿಗೆ ಬಂದಿತ್ತು, ಮಾನ್ವಿಯ ಮುಕರ್ರಂ ಹೆಸರಿನಲ್ಲಿ. ಹೋದ ವಾರ ನಾನು ಫೋನ್ ಮಾಡಿದಾಗ ಅವನು ಹೇಳಿದ್ದು ಇಷ್ಟೇ: “ಹಳೇ ಕ್ಯಾಸೆಟ್ ಇಟ್ಕೊಂಡು ನಾನೊಬ್ನೇ ಸಾಲು ಸಾಲು ಇಳಿಸೀನ್ರಿ ಅಕ್ಕಾರ. ಒಂದು ಅಕ್ಷರ ಕೂಡ್ಸಿಲ್ಲ, ಒಂದು ಕಳದಿಲ್ಲ.”

ಸವಿತಾಳ ಟ್ರಂಕಿನ ತಳದಲ್ಲಿದ್ದ ಹಳೆಯ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಟಿವಿಗೆ ಹಾಕಿ ಈ ದಿನ ಬೆಳಿಗ್ಗೆ ನೋಡಿದಾಗ ಆ ಮಾತು ಸುಳ್ಳೆಂದು ಗೊತ್ತಾಯಿತು.

“ಇದು ಅಸೆಂಬ್ಲಿಯಾಗ ಬರ್ದದ್ದು ಅತ್ತಿ,” ಎಂದಳು ಮಲ್ಲಿಕಾ.

ಅಸೆಂಬ್ಲಿ ಎಂದರೆ ನನಗೆ ಗೊತ್ತಿದ್ದದ್ದು ಬಂದೋಬಸ್ತಿಗೆ ಹೋಗಿ ಕಾಲು ಬಾವು ಬರಿಸಿಕೊಂಡ ಬೆಳಗಾವಿಯದು ಒಂದೇ. ನನ್ನ ಮುಖ ನೋಡಿ ಅವಳು ಬಿಡಿಸಿ ಹೇಳಿದಳು.

“ಆ ಟಿವಿ ಗೇಮ್ ಡಬ್ಬಿಯ ಸ್ವಂತ ಮಾತು ಅದು. ಈ ಅಂಕಿ ಎತ್ತು, ಅಲ್ಲಿಡು, ಒಂದು ಕೂಡ್ಸು, ಸೊನ್ನಿ ಆತೇನು ನೋಡು. ಇಷ್ಟಿಷ್ಟೇ ಸಣ್ಣ ಮಾತು, ಸಾವಿರಾರು ಇರ್ತಾವ. ಫೋನಿಗೆ ಆ ಮಾತು ತಿಳಿಯಂಗಿಲ್ಲ. ಒಂದೊಂದು ಸಾಲೂ ಓದಿ, ಏನು ಮಾಡ್ತದ ಅಂತ ತಿಳ್ಕೊಂಡು, ಫೋನಿಗೆ ತಿಳಿಯೋ ಹಂಗ ತಿರುಗಿ ಬರೀಬೇಕು.”

“ಬರ್ದಾವ ಹೆಂಗ ಬರ್ದಾನ?”

“ಜೀವ ಇಟ್ಟು ಬರ್ದಾನ. ಹಳೇ ಟಿವಿ ಸೆಕೆಂಡಿಗೆ ಐವತ್ತು ಸಲ ಚಿತ್ರ ಬದಲಿಸ್ತಿತ್ತು, ಫೋನ್ ಅರವತ್ತು ಸಲ. ಹಂಗೇ ಇಳಿಸಿದ್ರ ಕುರಿ ಬೆನ್ನು ಹತ್ತಿದಂಗ ಓಡ್ತಾವ, ರಾಗ ಕೆಡ್ತದ. ಇವ ಹಳೇ ನಡಿಗಿನೇ ಉಳಿಸ್ಯಾನ. ಎಲ್ಲಾ ಹಂಗೇ ಅದ, ಈ ಮರಿದೊಂದು ಬಿಟ್ಟು. ಇದು ಕ್ಯಾಸೆಟ್‌ನಾಗ ಇಲ್ಲೇ ಇಲ್ಲ. ಯಾರೋ ಹೊಸದಾಗಿ ಬರ್ದು ಸೇರಿಸ್ಯಾರ, ಅದೂ ಹಳೇ ಅಸೆಂಬ್ಲಿ ಬರಿಯೋರ ರೀತಿಯಾಗ.”

ಅವಳು ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದಳು. ಫೋನಿನ ಆಟವನ್ನು ಅದರಲ್ಲಿ ಬಿಚ್ಚಿಟ್ಟಿದ್ದಳು. “ಬರಿಯೋರು ಒಂದೊಂದು ತುಣುಕಿಗೆ ತಮ್ಮ ಗುರುತಿಗೆ ಒಂದು ಹೆಸ್ರು ಇಟ್ಕೊಂತಾರ. ಆಟ ಹೊರಗ ಬಿಡೋ ಮುಂದ ಅಳಸಬೇಕು, ಇವ ಮರ್ತಾನ. ಎಲ್ಲಾ ಹೆಸ್ರೂ ಆರೇ ಅಕ್ಷರ. ಅವ್ರು ಕಲ್ತ ಕಾಲದಾಗ ಆರಕ್ಕಿಂತ ಹೆಚ್ಚು ಹಿಡೀತಿರಲಿಲ್ಲ. ಮರಿಯ ತುಣುಕಿಗೆ ಇಟ್ಟಿದ್ದು ಇದು.”

ಆರು ಇಂಗ್ಲಿಷ್ ಅಕ್ಷರಗಳು. ಸವಿತಾ ಬಗ್ಗಿ ಬೆರಳಿಟ್ಟು ಒಂದೊಂದಾಗಿ ಕೂಡಿಸಿದಳು. “ಪ್ರಿಯದ...” ಎಂದಳು. ಬೆರಳು ಅಲ್ಲಿಯೇ ನಿಂತಿತು.

ಪ್ರಿಯದರ್ಶಿನಿ ಅವಳ ಮಗಳು. ಎರಡನೇ ಇಯತ್ತೆ ಓದುತ್ತಿದ್ದ ಹುಡುಗಿ. ಏಳು ವರ್ಷದ ಹಿಂದಿನ ಒಂದು ಸಂಜೆ ಶಾಲೆಯಿಂದ ಕರೆತರಬೇಕಿದ್ದ ಅಪ್ಪ ಕಂಪ್ಯೂಟರ್ ಮುಂದೆ ಹೊತ್ತು ಮರೆತ. ಹುಡುಗಿ ಒಬ್ಬಳೇ ಕಾಲುವೆಯ ದಂಡೆ ಹಿಡಿದು ಬಂದಳು, ಮನೆ ಮುಟ್ಟಲಿಲ್ಲ. ಮಣ್ಣು ಮಾಡುವಾಗ ಹತ್ತು ಮಂದಿಯ ಮುಂದೆ ಸವಿತಾ ಗಂಡನಿಗೆ ಹೇಳಿದ್ದಳು: “ಕೂಸು ನೀರಿಗೆ ಹೋತು. ನೀ ಯಾಕ ಉಳ್ದಿ?” ನಾಲ್ಕನೇ ದಿನ ದುರುಗೇಶನ ಅಂಗಿ, ಚಪ್ಪಲಿ ಕೃಷ್ಣೆಯ ದಂಡೆಯಲ್ಲಿ ಸಿಕ್ಕವು.

“ಇಕಿ ಹುಟ್ಟಿದಾಗ,” ಎಂದಳು ಸವಿತಾ, ಪರದೆಯಿಂದ ಕಣ್ಣು ಕೀಳದೆ, “ಅಂಗನವಾಡಿ ಟೀಚರ್ ಬರ್ಕೊಳ್ಳಾಕ ಬಂದಿದ್ರು. ಮನಿಯಾಗ ಎಷ್ಟು ಮಂದಿ ಅಂದ್ರು. ಇವ್ರು, ಇಬ್ರೇ ಅಂದ್ರು. ಕೂಸು ತೊಟ್ಟಿಲದಾಗ ಚೀರಾಕತ್ತದ, ಇವ್ರು ಇಬ್ರೇ ಅಂತ ಕುಂತಾರ. ಟೀಚರ್ ಬೈದ್ರು. ನಾ ನಕ್ಕಿದ್ದೇ ನಕ್ಕಿದ್ದು.”

ನನಗೆ ಅರ್ಥವಾಯಿತು. ನಾನೂ ಕುರಿ ಕಾಯುವ ಮನೆಯಲ್ಲೇ ಹುಟ್ಟಿದವಳು. ನಮ್ಮಲ್ಲಿ ಮರಿ ತಾನಾಗಿ ಹುಲ್ಲು ಕಡಿಯುವವರೆಗೆ ಅದನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಎಣಿಸಿದರೆ ದೃಷ್ಟಿಯಾಗುತ್ತದೆ, ತೋಳಕ್ಕೆ ಲೆಕ್ಕ ಗೊತ್ತಾಗುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ದುರುಗೇಶನದೂ ಅದೇ ಪೈಕಿ ಮನೆತನ. ಇಪ್ಪತ್ತೈದು ವರ್ಷದ ಹಿಂದೆ ಅಂಗಡಿಯಲ್ಲಿ ಕೂತು ಕ್ಯಾಸೆಟ್ ಬರೆಯುವಾಗ ಅವನಿಗೆ ಇದು ನೆನಪಾಗಿರಲಿಲ್ಲ. ಆಗ ಅವನಿಗೆ ಮಕ್ಕಳಿರಲಿಲ್ಲ.

“ಅಕ್ಕಾರ,” ಎಂದಳು ಸವಿತಾ, “ನಾ ಮೊದ್ಲಿಂದ ಒಂದೇ ಕೇಳಾಕತ್ತೀನಿ. ನನಗ ಆಟ ಬ್ಯಾಡ, ಹೆಸ್ರು ಬ್ಯಾಡ. ನನ್ನ ಮಾತು ಅವ್ರನ್ನ ಕೊಂದಿತೋ ಇಲ್ಲೋ ಅಷ್ಟು ಹೇಳ್ರಿ. ಏಳು ವರ್ಷ ಆತು, ತುತ್ತು ಎತ್ತಿದಾಗೆಲ್ಲ ಅದೇ ಬಾಯಿಗೆ ಬರ್ತದ.”

ಈ ಮರಿ ಅವನ ಕೈಯದಾದರೆ ಅವನು ಅದನ್ನು ಯಾವಾಗ ಬರೆದ ಎಂದು ಮುಕರ್ರಂನೇ ಹೇಳಬೇಕಿತ್ತು. ಮಾನ್ವಿಗೆ ಹೋಗೋಣ ಎಂದು ಎದ್ದೆ.

*

ಯರಗೇರಾದಿಂದ ರಾಯಚೂರಿಗೆ ಬಂದು ಮಾನ್ವಿಯ ಬಸ್ ಹತ್ತಿದೆವು. ಕಲ್ಮಲ ದಾಟುವವರೆಗೂ ಅವಳು ಕಿಟಕಿ ನೋಡುತ್ತಿದ್ದಳು, ನಾನು ನನ್ನ ಪಾಪ ನೋಡಿಕೊಳ್ಳುತ್ತಿದ್ದೆ.

ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಓದುಗರಿಗೂ ಹೇಳಿಲ್ಲ. ದುರುಗೇಶನ ಅಂಗಿ ಸಿಕ್ಕ ಹನ್ನೊಂದನೇ ದಿನ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖವನ್ನು ಮೀನು ಬಿಟ್ಟಿರಲಿಲ್ಲ. ಎತ್ತರ ಸರಿಯಿತ್ತು, ಮೈಕಟ್ಟು ಸರಿಯಿತ್ತು. ಸವಿತಾಳನ್ನು ಕರೆತಂದು ತೋರಿಸಿದೆವು. ಅವಳು ಬಹಳ ಹೊತ್ತು ನೋಡಿ “ಇರಬೌದ್ರಿ” ಎಂದಳು.

ನಾನು ಬರೆದದ್ದು “ಖಚಿತವಾಗಿ ಗುರುತಿಸಿದ್ದಾಳೆ” ಎಂದು.

ಯಾರೂ ಒತ್ತಾಯ ಮಾಡಿರಲಿಲ್ಲ, ಯಾರ ಎಂಜಲಿಗೂ ಕೈಯೊಡ್ಡಿರಲಿಲ್ಲ. ಮಗಳನ್ನು ಮಣ್ಣು ಮಾಡಿ ಹದಿನೈದು ದಿನವಾಗಿದ್ದ ಹೆಂಗಸು ಇನ್ನು ದಿನಾಲೂ ಹೊಳೆದಂಡೆಗೆ ಬಂದು ಕೂರುವುದು ಬೇಡ ಎಂದು ಹಾಗೆ ಬರೆದೆ. ಹೆಣ ಸಿಗದ ಮನೆಯಲ್ಲಿ ದಿನ ಮಾಡುವಂತಿಲ್ಲ, ಅಳು ಮುಗಿಯುವಂತಿಲ್ಲ. ಒಂದು ಹೆಣ ಸಿಕ್ಕಿತ್ತು, ಅಳಲು ಒಬ್ಬಳಿದ್ದಳು. ಪುಣ್ಯ ಕಟ್ಟಿಕೊಂಡೆ ಎಂದುಕೊಂಡಿದ್ದೆ.

ಮಾನ್ವಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಸವಿತಾಳಿಗೆ ಚಹಾ ಹೇಳಿ, “ನಾ ಬರೂತನ ಇಲ್ಲೇ ಕುಂದ್ರು,” ಎಂದೆ. ಅವಳು ತಲೆ ಅಲ್ಲಾಡಿಸಿದಳು. ಆಗ ಹನ್ನೊಂದೂ ಕಾಲು.

*

ಮುಕರ್ರಂನ ಮೊಬೈಲ್ ರಿಪೇರಿ ಅಂಗಡಿ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ಗಿರಾಕಿ ಬರುವ ಹೊತ್ತಾದರೂ ಅವನು ಅರ್ಧ ಶಟರ್ ಎಳೆದು, ಬೀಗ ಹಿಡಿದು ನಿಂತಿದ್ದ. ನಲವತ್ತೈದರ ಆಸುಪಾಸು. ಗಡ್ಡ ಬೆಳೆದಿತ್ತು, ಕಣ್ಣು ಎರಡು ದಿನ ನಿದ್ದೆ ಕಾಣದವನ ಹಾಗಿದ್ದವು.

“ಎಲ್ಲಿಗೆ ಹೊಂಟೀಯಪಾ ಮುಕರ್ರಂ?”

“ರಾಯಚೂರಿಗೆ ಅಕ್ಕಾರ. ಪಾರ್ಟ್ಸ್ ತರಾಕ. ಆಮ್ಯಾಲೆ ಬರ್ರಿ.”

ಅವನ ಕಾಲ ಬಳಿ ಒಂದು ಕೈಚೀಲವಿತ್ತು. ಬಾಯಿ ತೆರೆದ ಚೀಲದಲ್ಲಿ ಒಂದು ಫ್ಲಾಸ್ಕ್, ಸ್ಟೀಲ್ ಲೋಟ, ಚಮಚ, ಮಡಿಸಿದ ಎರಡು ಲುಂಗಿ.

“ಪಾರ್ಟ್ಸ್ ತರಾಕ ಫ್ಲಾಸ್ಕ್ ಯಾಕ?”

ಅವನು ಕಾಲಿನಿಂದ ಚೀಲವನ್ನು ಹಿಂದಕ್ಕೆ ತಳ್ಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವುದು ಇದಕ್ಕೇ. ನಾನು ಬಗ್ಗಿ ಶಟರ್ ಕೆಳಗಿನಿಂದ ಒಳಗೆ ನುಗ್ಗಿದೆ. ಮೂವತ್ತೆರಡು ವರ್ಷದ ಚಟ, ನಿವೃತ್ತಿಯಾದರೆ ಹೋಗುತ್ತದೆಯೇ?

“ಒಂದೇ ಮಾತು ಕೇಳಿ ಹೋಗ್ತೀನಿ. ಫೋನಿನ ಆಟದಾಗ ಮರಿ ಹುಟ್ಟಿದ್ರ ಎಣಿಕ್ಯಾಗ ಬರಂಗಿಲ್ಲ. ಯಾಕ?”

ಅವನು ನಿಟ್ಟುಸಿರು ಬಿಟ್ಟ. ಇಷ್ಟೇನಾ ಎಂಬಂತಿತ್ತು ಅದು. “ಅದಾ? ಹಳೇ ತಪ್ಪು ಅಕ್ಕಾರ. ಕ್ಯಾಸೆಟ್‌ನಾಗೇ ಇತ್ತು, ಹಂಗೇ ಬಂದದ. ಮುಂದಿನ ಸಲ ಸರಿ ಮಾಡ್ತೀನಿ.”

ನಾನು ನನ್ನ ಚೀಲದಿಂದ ಸವಿತಾಳ ಕ್ಯಾಸೆಟ್ ತೆಗೆದು ಗಾಜಿನ ಮೇಜಿನ ಮೇಲಿಟ್ಟೆ.

“ಬೆಳಿಗ್ಗೆ ಇದನ್ನ ಆಡಿ ಬಂದೀನಿ. ಇದರಾಗ ಮರಿ ಹುಟ್ಟಿದ ಕೂಡ್ಲೇ ಎಣಿಸ್ತದ. ತಪ್ಪು ಇಲ್ಲೇ ಇಲ್ಲ.”

ಮುಕರ್ರಂ ಕ್ಯಾಸೆಟ್ ನೋಡಿದ. ಅದರ ಮೇಲಿನ ಚೀಟಿಯಲ್ಲಿದ್ದದ್ದು ಅವನದೇ ಅಕ್ಷರ.

“ಹಂಗಾರ... ನಾನೇ ಸೇರ್ಸಿರಬೇಕು. ಮರ್ತೀನಿ.”

“ನೀನೇ ಸೇರ್ಸಿದ್ರ ಹೇಳು. ಆ ಮರಿ ಎಣಿಕಿಗೆ ಯಾವಾಗ ಬರ್ತದ?”

“ಮೂರು ದಿನ ಆದ್ಮ್ಯಾಲೆ?”

“ಹುಲ್ಲು ಕಡಿದಾಗ, ತಮ್ಮಾ. ನಿಮ್ಮಪ್ಪ ಗಡಿಯಾರ ರಿಪೇರಿ ಮಾಡ್ತಿದ್ದಾವ. ನಿನಗ ತಿಳೀಲಿಲ್ಲ, ತಪ್ಪೇನಿಲ್ಲ. ಆದ್ರ ಆ ಸಾಲು ಬರ್ದ ಕೈ ನಿಂದಲ್ಲ.”

ಅವನು ತಿರುಗಿ ಹಿಂದೆ ನೋಡಿದ. ಒಳಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಒಂದು ಕಬ್ಬಿಣದ ಮಂಚ, ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಒಂದು ಡಬ್ಬಿ ಟಿವಿ. ಗೋಡೆಯ ಮೊಳೆಗೆ ಒಂದು ಕಂಬಳಿ. ಕರಿ ಕಂಬಳಿ, ಅಂಚಿಗೆ ಬಿಳಿ ಎಳೆ. ನಮ್ಮ ಮನೆತನದವರು ಹೆಗಲಿಗೆ ಹಾಕುವಂಥದು.

“ದುರುಗೇಶ ಯಾವಾಗಿಂದ ಅದಾನ ಇಲ್ಲಿ?” ಎಂದು ಕೇಳಿದೆ.

ಮುಕರ್ರಂ ಸ್ಟೂಲಿನ ಮೇಲೆ ಕುಸಿದ. ಅಷ್ಟು ದೊಡ್ಡ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

“ಏಳು ವರ್ಷದಿಂದ ಅಕ್ಕಾರ. ಖುದಾ ಕಸಂ, ನಾ ಕರ್ದಿಲ್ಲ. ಅವ ಹೊಳಿಗೆ ಬಿದ್ದಿದ್ದು ಖರೇ. ಹೊಳಿ ಅವನ್ನ ಒಲ್ಲೆ ಅಂತು, ದಂಡಿಗೆ ಒಗದು ಹೋತು. ಒಂದು ಧೋತರ ಸುತ್ಗೊಂಡು ನಡ್ಕೊಂತ ಇಲ್ಲಿಗಿ ಬಂದ. ಯಾರಿಗೂ ಹೇಳಬ್ಯಾಡ ಅಂದ. ನಾಲ್ಕು ದಿನ ಬಿಟ್ಟು ಸಮಾಧಾನ ಆದಮ್ಯಾಲೆ ಕಳಸೋಣ ಅಂತ ನಾ ಸುಮ್ಕಿದ್ದೆ. ಅಷ್ಟೊತ್ತಿಗೆ ನಿಮಗ ಹೆಣ ಸಿಕ್ತು.”

“ಹೇಳಲಿಲ್ಲೇನು ಅವನಿಗೆ?”

“ಹೇಳಿದೆ. ಲೇ, ನಿನ್ನ ಹೇಣ್ತಿ ಯಾವನ್ನೋ ನೀನಂತ ಗುರ್ತು ಹಿಡಿದಾಳ, ಹೋಗಲೇ ಅಂದೆ. ಅವ ಏನಂದ ಗೊತ್ತೇನ್ರಿ? ‘ಆಕಿ ಬೇಡಿದ್ದು ಆಕಿಗೆ ಸಿಕ್ತು ಬಿಡು’ ಅಂದ. ಅವತ್ತಿಂದ ಆ ಖೋಲಿ ಬಿಟ್ಟು ಹೊರಗ ಬಂದಿದ್ದು ಕಡಿಮಿ.”

ಗುರುತು ಹಿಡಿದದ್ದು ಆಕೆಯಲ್ಲ, ನಾನು. ಹಾಗಾದರೆ ದೇವದುರ್ಗದ ಆ ಕುಣಿಯಲ್ಲಿ ಮಲಗಿರುವವನು ಯಾರ ಮಗ, ಯಾರ ಗಂಡ? ಅವನಿಗಾಗಿ ಎಲ್ಲಿ ಯಾರು ಬಾಗಿಲು ಕಾಯುತ್ತಿದ್ದಾರೆ?

“ಏಳು ವರ್ಷ ಏನು ಮಾಡಿದ?”

“ಆಟ. ಅದೊಂದೇ. ಫೋನಿಗೆ ಇಳಿಸೋದು ಎರಡು ವರ್ಷದಾಗ ಮುಗೀತು. ಉಳಿದ ಐದು ವರ್ಷ ಆ ಮರಿದೇ. ಎಣಿಕ್ಯಾಗ ಬರೂತನ ಅದನ್ನ ತೋಳ ನೋಡಬಾರದು ಅಂದ. ನೀರಿಗೆ ಬಿದ್ರ ಮುಳುಗಬಾರದು ಅಂದ. ಬರೀತಿದ್ದ, ಆ ಹಳೇ ಟಿವಿಯಾಗ ಹಾಕಿ ನೋಡ್ತಿದ್ದ, ಮರಿನ ತಾನೇ ನೀರಿಗೆ ನೂಕ್ತಿದ್ದ. ಒಂದೊಂದು ಸಲ ಮುಳುಗ್ತಿತ್ತು. ಅವತ್ತು ಊಟ ಇಲ್ಲ ನಿದ್ದಿ ಇಲ್ಲ. ತಿರುಗಿ ಮೊದ್ಲಿಂದ ಬರೀತಿದ್ದ. ಈ ವರ್ಷ ಒಂದಿನ ಸಾವಿರ ಸಲ ನೂಕಿದ. ಸಾವಿರ ಸಲವೂ ತೇಲಿ ದಂಡಿಗೆ ಬಂತು. ‘ಇನ್ನ ಬಿಡು ಹೊರಗ, ನಿನ್ನ ಹೆಸ್ರು ಹಾಕು’ ಅಂದ.”

ನಾನು ಅಳುವವಳಲ್ಲ. ಠಾಣೆಯಲ್ಲಿ ಎಷ್ಟು ಹೆಣ ಕಂಡಿಲ್ಲ. ಮೇಜಿನ ಮೇಲಿದ್ದ ಕ್ಯಾಸೆಟ್ ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

“ಈಗ ಎಲ್ಲದಾನ?”

ಮುಕರ್ರಂ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.

“ರಾಯಚೂರಿನಾಗ, ದವಾಖಾನ್ಯಾಗ. ಮೊನ್ನಿ ಎದಿ ಹಿಡ್ಕೊಂಡು ಬಿದ್ದ. ಎದಿ ತೆರೀಬೇಕಂತ. ಬದುಕಿದ್ರ ಬದುಕಿದ, ಹಿಂಗ ಬಿಟ್ರ ನಾಳಿ ಕಾಣಂಗಿಲ್ಲ ಅಂತ ಡಾಕ್ಟರ್ ಅಂದಾರ. ಮೂರಕ್ಕ ಒಳಗ ಒಯ್ತಾರ. ಹೇಣ್ತಿ ಆಗ್ಲಿ, ಒಡಹುಟ್ಟಿದೋರಾಗ್ಲಿ ಇದಕ್ಕ ಸಹಿ ಮಾಡಬೇಕು. ನಾ ಅಣ್ಣ ಅಂತ ಮಾಡಾಕ ಹೋದೆ, ಆಧಾರ್ ಕೇಳಿದ್ರು. ಅವಂದು ಹಾಕಿ ನೋಡಿದ್ರ ಸತ್ತಾನ ಅಂತ ತೋರಸ್ತದ. ಸತ್ತಾವಗ ಹೆಂಗ ಆಪರೇಷನ್ ಮಾಡೋದು ಅಂತಾರ. ನೀವೇ ಬರ್ದಿದ್ದು ಅದು ಅಕ್ಕಾರ.”

“ಅವನಿಗೆ ಅಣ್ಣ ತಮ್ಮ ಯಾರೂ ಇಲ್ಲ,” ಎಂದೆ.

“ಇಲ್ಲ. ಇರೋದು ಒಬ್ಳೇ. ಆಕಿನ್ನ ಕರೀಬ್ಯಾಡ ಅಂತ ನನ್ನ ಕೈ ಮ್ಯಾಲೆ ಆಣಿ ಇಡಿಸ್ಕೊಂಡಾನ.”

ಶಟರ್ ಸದ್ದಾಯಿತು. ತಿರುಗಿ ನೋಡಿದೆ.

ಸವಿತಾ ಬಗ್ಗಿ ಒಳಗೆ ಬಂದಳು. ಎಷ್ಟು ಹೊತ್ತಿನಿಂದ ಹೊರಗೆ ನಿಂತಿದ್ದಳೋ. ಅವಳ ಮುಖದಲ್ಲಿ ಏನೂ ಇರಲಿಲ್ಲ, ನನಗೆ ಅದೇ ಹೆದರಿಕೆಯಾಯಿತು. ನೇರ ಒಳಕೋಣೆಗೆ ಹೋದಳು. ಮಂಚ ನೋಡಿದಳು, ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು ಬಿಟ್ಟಳು. ಮೇಜಿನ ಮೇಲಿದ್ದ ಲೋಟದಲ್ಲಿ ಅರ್ಧ ಚಹಾ ಕೆನೆಗಟ್ಟಿತ್ತು. ಅದನ್ನು ಎತ್ತಿ, ಮೋರಿಗೆ ಚೆಲ್ಲಿ, ತೊಳೆದು ಬೋರಲು ಹಾಕಿದಳು. ಹೆಂಡತಿಯ ಕೈ ಅದು, ಕೇಳದೆಯೇ ಮಾಡುತ್ತದೆ.

ಆಮೇಲೆ ಹೊರಗೆ ಬಂದಳು.

“ಮುಕರ್ರಂ ಭಾಯಿ, ಇಲ್ಲಿಂದ ದೇವದುರ್ಗಕ್ಕ ದಿನಕ್ಕ ಎಷ್ಟು ಬಸ್ಸದಾವ?”

ಅವನು ತಬ್ಬಿಬ್ಬಾದ. “ಭಾಭಿ...”

“ಹೇಳ್ರಿ.”

“ಸುಮಾರದಾವ. ಹತ್ತು, ಹನ್ನೆರಡು.”

“ಏಳು ವರ್ಷದಾಗ ಒಂದೂ ಸಿಗಲಿಲ್ಲೇನು ಅವನಿಗೆ?”

ನಾನು ಅವಳ ತೋಳು ಹಿಡಿದೆ. “ಸವಿತಾ, ಆಮ್ಯಾಲೆ ಬೈಯುವಂತಿ. ಮೂರಕ್ಕ ಆಪರೇಷನ್ ಅದ. ನಿನ್ನ ಮಾತು ಕೊಂದಿಲ್ಲ ಅವನ್ನ. ಬದುಕ್ಯಾನ ಅವ.”

ಅವಳು ನನ್ನ ಕೈ ಬಿಡಿಸಿಕೊಂಡಳು. ಮೆಲ್ಲಗೆಯೇ ಬಿಡಿಸಿಕೊಂಡಳು.

“ನನ್ನ ಮಾತು ಕೊಂದಿತು ಅಂತ ಅಂದ್ಕೊಂಡು ನಾ ಏಳು ವರ್ಷ ಬೇಯಾಕತ್ತೀನಿ ಅಕ್ಕಾರ. ಕುಣಿ ಮ್ಯಾಲೆ ಬಿದ್ದು ಎಷ್ಟು ಸಲ ತಪ್ಪಾತು ಅಂದೀನಿ, ಯಾರೋ ಏನೋ, ಆ ಕುಣಿಗೆ. ಕೂಸಿನ ಅಳು ನಾ ಒಬ್ಬಾಕಿನೇ ಅತ್ತೀನಿ. ನನ್ನ ಜೋಡಿ ಅಳಬೇಕಾಗಿದ್ದಾವ ಒಬ್ನೇ ಒಬ್ಬ ಇದ್ದ. ಅವ ಇಲ್ಲಿ ಕುಂತು ಟಿವಿಯಾಗಿನ ಮರಿ ಉಳಿಸಾಕತ್ತಿದ್ದ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಕ್ಷಣ, ಈಗ ಸಹಿ ಮಾಡುತ್ತಾಳೆ ಎಂದುಕೊಂಡೆ. ಮುಕರ್ರಂ ಕೂಡ ಹಾಗೆಯೇ ಅಂದುಕೊಂಡನೇನೋ, ಕಾಗದವನ್ನೂ ಪೆನ್ನನ್ನೂ ಅವಳ ಕಡೆ ಚಾಚಿದ.

ಸವಿತಾ ಕಾಗದ ತೆಗೆದುಕೊಂಡಳು. ಪೂರ್ತಿ ಓದಿದಳು, ಬೆರಳಿಟ್ಟು, ಒಂದೊಂದೇ ಅಕ್ಷರ. ಆಮೇಲೆ ಅದನ್ನು ಮೊದಲಿದ್ದ ಹಾಗೆಯೇ ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು.

“ಡಾಕ್ಟರಿಗೆ ಹೇಳ್ರಿ ಅಕ್ಕಾರ,” ಎಂದಳು. “ಅವನ ಹೇಣ್ತಿ ಸತ್ತಾಳ ಅಂತ. ನೀವು ಬರ್ದು ಕೊಟ್ರ ಎಲ್ಲಾರೂ ನಂಬ್ತಾರ.”

ಅವಳು ಶಟರ್ ಕೆಳಗೆ ಬಗ್ಗಿ ಓಣಿಗೆ ಇಳಿದಳು. ನಾನು ಓಡಿ ನಿಲ್ದಾಣ ಮುಟ್ಟುವಷ್ಟರಲ್ಲಿ ದೇವದುರ್ಗದ ಬಸ್ ಹೊರಟಿತ್ತು. ಕಿಟಕಿಯಲ್ಲಿ ಅವಳಿದ್ದಳು, ತಿರುಗಿ ನೋಡಲಿಲ್ಲ. ನಿಲ್ದಾಣದ ಗಡಿಯಾರದಲ್ಲಿ ಹನ್ನೆರಡಾಗಿ ಹತ್ತು ನಿಮಿಷವಾಗಿತ್ತು.